ಅಕ್ಕನಿಗೆ ಗೊತ್ತಿದ್ದ ನಂಬರು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಆ ಫ್ಲ್ಯಾಟಿನಲ್ಲಿ ನಾವು ನಾಲ್ವರು ಹೆಂಗಸರಿದ್ದೆವು, ನಾಲ್ವರೂ ಮಂಗಳೂರು ಕಡೆಯವರು. ಒಂದು ಕೋಣೆ, ಒಂದು ಹಾಲ್, ಹಾಲ್‌ನ ನಡುವೆ ಒಂದು ಪರದೆ. ಯಾರ ಮನೆಯಿಂದ ಫೋನ್ ಬಂದರೂ ನಾಲ್ವರಿಗೂ ಕೇಳಿಸುತ್ತಿತ್ತು, ಯಾರು ಅತ್ತರೂ ನಾಲ್ವರಿಗೂ ಗೊತ್ತಾಗುತ್ತಿತ್ತು. ಇಂಥ ಮನೆಯಲ್ಲಿ ಪಿನ್ ನಂಬರು ಮಾತ್ರ ಹೇಗೆ ಗುಟ್ಟಾಗಿ ಉಳಿಯಬೇಕು? ‘ನಿಮ್ಮ ಪಿನ್ ಅನ್ನು ಯಾರಿಗೂ ಹೇಳಬೇಡಿ’ ಎಂದು ಬ್ಯಾಂಕಿನಿಂದ ಮೆಸೇಜ್ ಬಂದಾಗಲೆಲ್ಲ ನಾವು ಅದನ್ನು ಹೊರಗಿನವರ ಬಗ್ಗೆ ಕೊಟ್ಟ ಎಚ್ಚರಿಕೆ ಎಂದೇ ತಿಳಿದುಕೊಂಡಿದ್ದೆವು. ಮನೆಯವರ ಹತ್ತಿರ ಎಂಥ ಗುಟ್ಟು?

ನಾಲ್ಕೂ ನಂಬರುಗಳು ಇದ್ದದ್ದು ಅಕ್ಕನ ತಲೆಯಲ್ಲಿ. ನಾವು ಅಕ್ಕ ಎಂದು ಕರೆಯುತ್ತಿದ್ದವಳು ನಮ್ಮಲ್ಲಿ ಹಿರಿಯಳು, ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಉಳಿದಿಬ್ಬರು ಅದೇ ಆಸ್ಪತ್ರೆಯ ನರ್ಸುಗಳು. ನಮಗೆ ಶುಕ್ರವಾರ ರಜೆ ಸಿಕ್ಕರೆ ಅದು ಪುಣ್ಯ. ಸಿಕ್ಕರೂ ಅವತ್ತು ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜಿನ ಬಾಗಿಲಿನಿಂದ ಬೀದಿಯ ತನಕ ಸಾಲು. ಅಕ್ಕನ ರಜೆ ಸೋಮವಾರ. ಸಂಬಳ ಬಿದ್ದ ಮೇಲಿನ ಸೋಮವಾರ ಅವಳು ನಾಲ್ಕೂ ಕಾರ್ಡುಗಳನ್ನು ತನ್ನ ಜಪಮಾಲೆಯ ಚೀಲಕ್ಕೆ ಹಾಕಿಕೊಂಡು, ನಮ್ಮ ಆಸ್ಪತ್ರೆಯ ಕೆಳಗಿನ ಎಟಿಎಂನಲ್ಲಿ ದುಡ್ಡು ತೆಗೆದು, ಎಲ್ಲರ ಮನೆಗೂ ಕಳಿಸಿ, ಬರುವಾಗ ಬಂಗುಡೆ ಮೀನು ತಂದು ಸಾರು ಮಾಡಿಡುತ್ತಿದ್ದಳು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಒಂದೊಂದೇ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಯಾರದೆಂದು ನೋಡಿ, ನಂಬರನ್ನು ಬಾಯಲ್ಲಿ ಗುನುಗಿಕೊಂಡು ನಿಧಾನಕ್ಕೆ ಒತ್ತುತ್ತಿದ್ದಳು. ಜಪ ಮಾಡಿದ ಹಾಗೆಯೇ ಇತ್ತು. ನಾನು ನಕ್ಕಿದ್ದಕ್ಕೆ, "ನಗು ನಗು. ನಾನು ಸತ್ರೆ ನಾಲ್ಕೂ ಮನೆಯವರು ಉಪವಾಸ" ಅಂದಳು.

ಆ ವರ್ಷ ಅಕ್ಕನ ದೊಡ್ಡ ಮಗಳ ಮದುವೆ ನಿಶ್ಚಯವಾಯಿತು. ರಜೆ ಮಂಜೂರಾಗಿ, ಟಿಕೆಟ್ಟೂ ಬಂದಿತ್ತು. ಮಗಳಿಗೆಂದು ಬಿಳಿ ಶೂ ಕೊಂಡು ತಂದು, ದಿನಕ್ಕೊಮ್ಮೆ ಡಬ್ಬ ತೆಗೆದು ನೋಡಿ ಮುಚ್ಚುತ್ತಿದ್ದಳು. ಅವಳ ಮಾತೆಲ್ಲ ಕ್ರಿಸ್ತುವರ ಮದುವೆಯ ‘ರೋಸ್’ನದೇ. ಮದುವೆಯ ಹಿಂದಿನ ದಿನ ಮದುಮಗಳ ತಲೆಗೆ ತೆಂಗಿನಹಾಲು ಹಾಕುವ ಶಾಸ್ತ್ರ ಅದು, ಮೊದಲು ಹೆತ್ತವರು ಹಾಕಬೇಕು. "ಹುಟ್ಟಿದಾಗ ಮೂರು ತಿಂಗಳು ಮೀಯಿಸಿದ್ದು ಅಷ್ಟೇ ಮಾರಾಯ್ತಿ, ಮತ್ತೆ ನಾನು ಇಲ್ಲಿಗೆ ಬಂದೆ. ಇದೊಂದು ಸಲ ನಾನೇ ಮೀಯಿಸ್ಬೇಕು" ಎನ್ನುತ್ತಿದ್ದಳು.

ಹೊರಡುವ ಮುಂಚಿನ ಶುಕ್ರವಾರ ಅವಳು ರಜೆ ಬದಲಿಸಿಕೊಂಡು, ದುಬೈಯ ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿದ್ದ ತಮ್ಮನನ್ನು ನೋಡಲು ಹೋದಳು. ನನಗೆ ಅವತ್ತು ಡ್ಯೂಟಿ. ಒಬ್ಬ ಮುದುಕರ ತೋಳಿನಲ್ಲಿ ನರ ಹುಡುಕುತ್ತಿದ್ದೆ, ಜೇಬಿನಲ್ಲಿ ಫೋನ್ ನಡುಗಿತು. ಮತ್ತೆ ನಡುಗಿತು. ಕೈಯಲ್ಲಿ ಸೂಜಿ ಹಿಡಿದವಳು ಫೋನ್ ನೋಡುವ ಹಾಗಿಲ್ಲ. ಗ್ಲೋವ್ಸ್ ಕಳಚಿ ನೋಡುವಷ್ಟರಲ್ಲಿ ದುಬೈಯ ಯಾವುದೋ ಎಟಿಎಂನಿಂದ ನನ್ನ ದುಡ್ಡು ಮೂರು ಸಲ ಹೋಗಿತ್ತು. ಕಾರ್ಡು ನನ್ನ ಪರ್ಸಿನಲ್ಲೇ ಇತ್ತು. ಬ್ಯಾಂಕಿಗೆ ಫೋನ್ ಮಾಡಿದರೆ ಅರಬ್ಬಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ, ಆಮೇಲೆ ಸಂಗೀತ. ಆ ಸಂಗೀತ ಕೇಳುತ್ತ ನಿಂತಿದ್ದಾಗಲೇ ನಾಲ್ಕನೆಯ ಮೆಸೇಜ್ ಬಂತು. ಕಳ್ಳ ನನ್ನ ಕಣ್ಣೆದುರಿಗೇ ಕದಿಯುತ್ತಿದ್ದ, ನಾನು ಫೋನ್ ಕಿವಿಗಿಟ್ಟುಕೊಂಡು ನೋಡುತ್ತಿದ್ದೆ. ಅಂಥ ಅಸಹಾಯಕತೆಯನ್ನು ನಾನು ಅದಕ್ಕೆ ಮುಂಚೆ ಅನುಭವಿಸಿರಲಿಲ್ಲ. ಅಂತೂ ಒಬ್ಬರು ಎತ್ತಿಕೊಂಡು ಕಾರ್ಡನ್ನು ಬ್ಲಾಕ್ ಮಾಡಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಅಲ್ಲಿ ಕೆಲಸದ ದಿನವಾದ ಭಾನುವಾರ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದವನು ನಮ್ಮ ದೇಶದವನೇ, ಸಭ್ಯ ಮನುಷ್ಯ. "ನಿಮ್ಮ ಪಿನ್ ಬೇರೆ ಯಾರಿಗಾದರೂ ಗೊತ್ತೇ?" ಎಂದು ಹಿಂದಿಯಲ್ಲಿ ಕೇಳಿದ. ಮನೆಯವರಿಗೆ ಗೊತ್ತು ಎಂದೆ. ಅವನು ಟೈಪ್ ಮಾಡುವುದನ್ನು ನಿಲ್ಲಿಸಿದ. "ಮೇಡಂ, ಸರಿಯಾಗಿ ಯೋಚನೆ ಮಾಡಿ ಹೇಳಿ. ಯಾರಿಗಾದರೂ ಗೊತ್ತೇ?" ಎಂದು ಇನ್ನೊಮ್ಮೆ ಕೇಳಿದ. ಅದು ಪ್ರಶ್ನೆಯಲ್ಲ, ನನ್ನನ್ನು ದಡ ಸೇರಿಸಲು ಅವನು ಚಾಚಿದ ಕೈ ಎಂದು ಈಗ ಅರ್ಥವಾಗುತ್ತದೆ. ಆಗ ಇನ್ನೂ ವಿವರವಾಗಿ ಹೇಳಿದೆ: ಪ್ರತಿ ತಿಂಗಳು ನನ್ನ ದುಡ್ಡು ತೆಗೆಯುವುದೇ ನನ್ನ ರೂಮ್‌ಮೇಟ್ ಎಂದು. ಅವನು ನಿಟ್ಟುಸಿರುಬಿಟ್ಟು, ಹಾಗಾದರೆ ಪೊಲೀಸರಿಗೆ ದೂರು ಕೊಡಬೇಕು, ಪಿನ್ ಗೊತ್ತಿದ್ದವರ ಹೆಸರೂ ಬೇಕು ಎಂದ. ನಾನು ನಾಳೆ ಬರುತ್ತೇನೆ ಎಂದು ಎದ್ದುಬಂದೆ.

ಮನೆಗೆ ಬಂದು ದುಡ್ಡು ಹೋದ ಮಾತು ಹೇಳಿದೆ, ಹೆಸರಿನ ಮಾತು ನುಂಗಿದೆ. ಆದರೆ ಪರದೆಯ ಮನೆಯಲ್ಲಿ ಎಷ್ಟು ಹೊತ್ತು ನುಂಗಿರುವುದು? ನರ್ಸುಗಳಲ್ಲೊಬ್ಬಳು, "ದುಬೈಯಲ್ಲಾ? ಶುಕ್ರವಾರವಾ?" ಎಂದು ಕೇಳಿ ಅಲ್ಲಿಗೇ ಬಾಯಿ ಮುಚ್ಚಿಕೊಂಡಳು. ಅಕ್ಕ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ನನ್ನ ಹೆಸರು ಕೇಳಿದ್ರಾ?" ಅಂದಳು.

"ನಾನು ಕೊಡಲಿಲ್ಲ ಅಕ್ಕ. ಕೊಡುದೂ ಇಲ್ಲ. ಹೋದದ್ದು ಹೋಯ್ತು."

"ಯಾಕೆ ಕೊಡುದಿಲ್ಲ? ನಾನು ಕದ್ದಿದ್ದೇನಾ?"

"ನಿನಗೆ ಊರಿಗೆ ಹೋಗ್ಲಿಕ್ಕುಂಟಲ್ಲ. ಸುಮ್ಮನೆ ಎಂತಕ್ಕೆ ತಾಪತ್ರಯ?"

"ಹೆಸರು ಅಡಗಿಸಿಟ್ಟು ಊರಿಗೆ ಓಡಿದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಗ್ತದೆ. ನಾಳೆ ನಾನೂ ಬರ್ತೇನೆ. ತಮ್ಮನ ಹತ್ರ ಇದ್ದೆ ಅಂತ ಹೇಳುವ, ಮುಗೀತು. ಖಲಾಸ್."

ಬೇಡ ಎಂದು ನಾನು ಕೈಮುಗಿದೆ. ಅವಳು ಕೇಳಲಿಲ್ಲ. ನನ್ನ ಮೇಲೆ ಸಿಟ್ಟಿರಲಿಲ್ಲ ಅವಳಿಗೆ, ಆ ‘ದುಬೈಯಲ್ಲಾ?’ ಎಂಬ ಒಂದು ಮಾತು ಒಳಗೆ ಹೊಕ್ಕಿತ್ತು. ಮರುದಿನ ಇಗರ್ಜಿಗೆ ಉಡುವ ಸೀರೆ ಉಟ್ಟುಕೊಂಡು ನನ್ನ ಜೊತೆ ಠಾಣೆಗೆ ಬಂದಳು. ಅಲ್ಲಿ ಯಾರೂ ಒರಟಾಗಿ ಮಾತಾಡಲಿಲ್ಲ, ಚಹಾ ಕೂಡ ಕೊಟ್ಟರು. ಎಲ್ಲ ಬರೆದುಕೊಂಡು, ಶುಕ್ರವಾರ ಅವಳಿಗೆ ರಜೆ ಇದ್ದದ್ದು ನಿಜವೇ ಎಂದು ತಿಳಿಯಲು ಹೋಟೆಲಿಗೆ ಒಂದು ಫೋನ್ ಮಾಡಿದರು. ಆ ಒಂದು ಫೋನ್ ಸಾಕಾಯಿತು. ವಿಚಾರಣೆ ಮುಗಿಯಲಿ, ಆಮೇಲೆ ರಜೆ ನೋಡೋಣ ಎಂದು ಹೋಟೆಲಿನವರು ಮಂಜೂರಾದ ರಜೆಯನ್ನು ತಡೆದುಬಿಟ್ಟರು.

ನಾನು ಹೋಟೆಲಿನ ಆಫೀಸಿಗೆ ಹೋಗಿ ಕೂತೆ. ದೂರು ಕೊಟ್ಟವಳೇ ನಾನು, ಇವಳ ಮೇಲೆ ನನಗೆ ಸಂಶಯ ಇಲ್ಲ ಎಂದು ಬಾಯಲ್ಲಿ ಹೇಳಿದೆ, ಬರೆದೂ ಕೊಟ್ಟೆ. ಠಾಣೆಯವರು ಬ್ಯಾಂಕಿನ ಉತ್ತರ ಬರಲಿ ಎಂದರು. ಬ್ಯಾಂಕಿನವರು ಠಾಣೆಯ ಕಾಗದ ಬರಲಿ ಎಂದರು. ಯಾರೂ ಕೆಟ್ಟವರಲ್ಲ, ಯಾರನ್ನೂ ಬೈಯುವ ಹಾಗಿಲ್ಲ, ಅದೇ ದೊಡ್ಡ ಸಂಕಟ. ವಿಮಾನ ಅಕ್ಕನನ್ನು ಬಿಟ್ಟು ಹೋಯಿತು. ಬಿಳಿ ಶೂಗಳನ್ನು ಊರಿಗೆ ಹೋಗುವ ಇನ್ನಾರದೋ ಕೈಯಲ್ಲಿ ಕಳಿಸಿದೆವು.

ರೋಸ್‌ನ ದಿನ ಅಕ್ಕ ಡ್ಯೂಟಿಗೆ ಹೋದಳು, ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕಿದಳು. ಆಗ ಆ ದೇಶದಲ್ಲಿ ವಿಡಿಯೊ ಕಾಲ್ ಆಗುತ್ತಿರಲಿಲ್ಲ. ಸಂಜೆ ಒಂದೊಂದೇ ಫೋಟೊ ಬಂತು. ಅಪ್ಪನ ಪಕ್ಕ ನಿಂತು ಮಗಳ ತಲೆಗೆ ತೆಂಗಿನಹಾಲು ಹಾಕುತ್ತಿದ್ದವಳು ಚಿಕ್ಕಮ್ಮ. ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಎಟಿಎಂನಲ್ಲಿ ಕಾರ್ಡು ನೋಡುತ್ತಿದ್ದ ಹಾಗೆಯೇ, ಬಹಳ ಹೊತ್ತು ನೋಡಿದಳು. "ಶೂ ಸ್ವಲ್ಪ ದೊಡ್ಡದಾಗಿದೆ" ಅಂದಳು. ನಾನು ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ವಿಷಯ ಗೊತ್ತಾಯಿತು. ನಮ್ಮ ಆಸ್ಪತ್ರೆಯ ಕೆಳಗಿನ ಎಟಿಎಂನಲ್ಲೇ ಕಳ್ಳರು ಕಾರ್ಡು ತೂರಿಸುವ ಬಾಯಿಗೆ ನಕಲು ಮಾಡುವ ಯಂತ್ರ ಅಂಟಿಸಿ, ನಂಬರು ಒತ್ತುವ ಕೈ ಕಾಣುವ ಹಾಗೆ ಸಣ್ಣ ಕ್ಯಾಮೆರಾ ಇಟ್ಟಿದ್ದರಂತೆ. ಉಳಿದ ಮೂವರದು ಚಿಪ್ ಇದ್ದ ಹೊಸ ಕಾರ್ಡುಗಳು, ಬಚಾವಾದವು; ನನ್ನದು ಹಿಂದೆ ಬರೀ ಕಪ್ಪು ಪಟ್ಟಿ ಇದ್ದ, ಸುಲಭಕ್ಕೆ ನಕಲಾಗುವ ಹಳೆಯದು. ಆಸ್ಪತ್ರೆಯ ಫಾರ್ಮಸಿಯವನೊಬ್ಬನ ದುಡ್ಡೂ ಹಾಗೆಯೇ ಹೋಗಿತ್ತು. ಅವನ ಪಿನ್ ಅವನ ಹೆಂಡತಿಗೆ ಬಾಯಿಪಾಠ. ಬ್ಯಾಂಕಿನಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ ಎಂದಿದ್ದ, ಪೂರಾ ವಾಪಸು ಬಂತು. ನನಗೆ ಬಂದದ್ದು, ಪಿನ್ ಹಂಚಿಕೊಂಡದ್ದರಿಂದ ಹೊಣೆ ನಿಮ್ಮದೇ ಎಂಬ ಉತ್ತರ. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಇರಲಿಕ್ಕಿಲ್ಲ, ಅದಕ್ಕೆ ಪರಿಹಾರವೂ ಇಲ್ಲ.

ಮುಂದಿನ ಸಂಬಳದ ಸೋಮವಾರ ಬಂತು. ಅಕ್ಕ ಜಪಮಾಲೆ ಹಿಡಿದು ಮೂಲೆಯಲ್ಲಿ ಕೂತಿದ್ದಳು. ನಾನು ಹೊಸ ಕಾರ್ಡನ್ನು ತೆಗೆದುಕೊಂಡು ಹೋಗಿ ಅವಳ ಮಡಿಲಲ್ಲಿಟ್ಟೆ.

"ಅಕ್ಕ, ನಂಬರ್ ಬದಲಾಗಿದೆ. ಹೇಳ್ತೇನೆ, ಕೇಳು."

ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಜಪಮಾಲೆ ಅವಳ ಕೆನ್ನೆಯ ಮೇಲೆ ಜೋತಾಡಿತು.

"ಹೇಳ್ಬೇಡ ಮಾರಾಯ್ತಿ" ಅಂದಳು. "ನನಗೆ ಇನ್ನೊಬ್ಳು ಮಗಳಿದ್ದಾಳೆ."