ನಾನು ಅಳಿಸಿದ ಐದನೆಯ ಚೌಕ

ಮಾದೇವಿ, ಆ ಚೌಕಗಳನ್ನು ಎಐ ಮಾಡಿರಲಿಲ್ಲ. ನೀನೇ ಮಾಡಿದ್ದೆ. ನಿನ್ನ ಕೆಲಸವನ್ನೇ ಎತ್ತಿಕೊಂಡು, ಬಣ್ಣ ಬದಲಿಸಿ, ಒಂದು ಚೌಕ ಅಳಿಸಿ, ಯಂತ್ರ ಅರ್ಧ ನಿಮಿಷದಲ್ಲಿ ಮಾಡಿಕೊಟ್ಟಿತು ಎಂದು ನಿನಗೇ ತೋರಿಸಿದವನು ನಾನು. ನೀನು ನಂಬಿದೆ. ನಂಬಿ ಈ ಕೆಲಸವನ್ನೇ ಬಿಟ್ಟು ಹೋದೆ —

ನೋಡು, ಬರೆದುಬಿಟ್ಟೆ. ಎರಡು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದು ಇಷ್ಟೇ ಸಾಲಿನಲ್ಲಿ ಹೊರಗೆ ಬಂತು. ನಿನ್ನೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿನಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ಬೇರೆಯವರೂ ಓದಬೇಕು. ಸುಳ್ಳನ್ನು ನಾಲ್ಕು ಜನರ ಮುಂದೆ ಹೇಳಿದವನು ನಿಜವನ್ನು ನಿನ್ನ ಕಿವಿಯಲ್ಲಷ್ಟೇ ಹೇಳಿದರೆ ಹೇಗೆ?

ರಾಯಚೂರಿನ ಸ್ಟೇಷನ್ ಕಡೆಯ ಆ ಮಹಡಿಯ ಕೋಣೆ ನೆನಪಿದೆಯಲ್ಲ. ದೇವದುರ್ಗದಿಂದ ಬಂದ ನಾನು, ಕುರ್ಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನೀನು, ಎರಡು ಕಂಪ್ಯೂಟರು, ತಲೆಯ ಮೇಲೆ ಗಡಗಡ ಎನ್ನುವ ಒಂದು ಫ್ಯಾನು. ಅಂಗಡಿ, ಮಿಲ್ಲು, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕಸುಬು. ಬಟನ್ನು, ಮೆನು, ದರದ ಪಟ್ಟಿಯ ಪೆಟ್ಟಿಗೆ — ಒಮ್ಮೆ ಸರಿಯಾಗಿ ಮಾಡಿಟ್ಟುಕೊಂಡರೆ ಬೇಕಾದ ಕಡೆಯಲ್ಲೆಲ್ಲ ಕೂಡಿಸಬಹುದಾದ ಇವಕ್ಕೆ ನಮ್ಮವರು ಕಾಂಪೊನೆಂಟ್ ಎನ್ನುತ್ತಾರೆ. ನೀನು ‘ತುಂಡು’ ಎನ್ನುತ್ತಿದ್ದೆ. ‘ಅಣ್ಣಾ, ಈ ತುಂಡು ಇನ್ನೂ ಬೆಂದಿಲ್ಲ’ ಎಂದು ನೀನು ಮುಖ ಗಂಟು ಹಾಕಿದರೆ ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಆಗ ಸಿಟ್ಟು ಬರುತ್ತಿತ್ತು. ನೀನು ಹೇಳಿದ್ದು ಸರಿಯಿರುತ್ತಿತ್ತು, ಅದಕ್ಕೇ ಸಿಟ್ಟು.

ಆಗಲೇ ಎಐ ಬಂತು. ಅಬ್ಬಾ, ಆ ದಿನಗಳು! ಮಾನ್ವಿಯ ಅಕ್ಕಿ ಮಿಲ್ಲಿನ ಕೆಲಸ ಕೈಗೆ ಬಂದಿತ್ತು. ಮೆನು ಹೀಗಿರಲಿ ಎಂದು ಟೈಪ್ ಮಾಡಿದೆವು, ಚಹಾ ಆರುವುದರೊಳಗೆ ಮೆನು ಸಿದ್ಧ. ಭತ್ತದ ದರದ ಪೆಟ್ಟಿಗೆ ಕೇಳಿದೆವು, ಅದೂ ಸಿದ್ಧ. ನೀನು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದಿದ್ದೆ, ನಾನು ಕೆಳಗಿನ ಚಹಾದಂಗಡಿಯವನನ್ನೂ ಮೇಲಕ್ಕೆ ಕರೆದು ತೋರಿಸಿದ್ದೆ. ಒಂದು ವಾರದ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಆ ಖುಷಿ ನಿಜವಾದದ್ದು, ಅದನ್ನು ಈಗ ಸುಳ್ಳು ಎನ್ನಲಾರೆ. ಇವತ್ತಿಗೂ ಹೊಸ ಯಂತ್ರವೊಂದು ಬಂತೆಂದರೆ ನಾನು ಊಟ ಮರೆಯುತ್ತೇನೆ.

ಒಂದು ತುಂಡು ಮಾತ್ರ ಉಳಿದಿತ್ತು. ರೈತರು ಮಿಲ್ಲಿಗೆ ಭತ್ತ ತರುವ ದಿನವನ್ನು ಮೊದಲೇ ಹೇಳಬೇಕು, ಆ ದಿನ ಆರಿಸುವ ತುಂಡು. ಅದನ್ನು ನಿನಗೆ ಬಿಟ್ಟೆ. ನೀನು ಕಂಪ್ಯೂಟರ್ ಮುಂದೆ ಕೂರಲೇ ಇಲ್ಲ. ಮಾನ್ವಿಗೆ ಹೋಗಿ ಮಿಲ್ಲಿನ ಗೇಟಿನ ಕಟ್ಟೆಯ ಮೇಲೆ ಕೂತು, ಜನ ಹೇಗೆ ದಿನ ಹೇಳುತ್ತಾರೆ ಎಂದು ಕೇಳಿಸಿಕೊಂಡು ಬಂದೆ. ನಮ್ಮ ಕಡೆ ತಾರೀಖು ಹೇಳುವವರು ಎಷ್ಟು ಮಂದಿ? ನೀನು ಐದು ದೊಡ್ಡ ಚೌಕ ಮಾಡಿದೆ: ಇವತ್ತು, ನಾಳಿ, ನಾಡದ್ದು, ಸಂತಿ ದಿನ. ಊರು ಆರಿಸಿದರೆ ಆ ಊರಿನ ಸಂತೆಯ ದಿನ ತಾನೇ ಬದಲಾಗುತ್ತಿತ್ತು. ದೇವದುರ್ಗಕ್ಕೆ ಒಂದು, ಮಾನ್ವಿಗೆ ಇನ್ನೊಂದು. ಐದನೆಯದು: ‘ಆಮ್ಯಾಲ ಹೇಳ್ತೀನಿ’. ಟ್ರ್ಯಾಕ್ಟರಿನವನನ್ನು ಕೇಳಬೇಕು, ಹಮಾಲರು ಸಿಗಬೇಕು, ಮನೆಯಲ್ಲಿ ಮಾತಾಡಬೇಕು. ಇದೆಲ್ಲ ಆಗದೆ ದಿನ ಹೇಳುವವರು ನಮ್ಮಲ್ಲಿ ಯಾರೂ ಇಲ್ಲ. ಹೆಸರು ಹಚ್ಚಿಟ್ಟು ದಿನ ಆಮೇಲೆ ಹೇಳುವ ಆ ಪದ್ಧತಿಗೂ ನೀನು ಒಂದು ಚೌಕ ಕೊಟ್ಟಿದ್ದೆ.

ನೋಡಿದ ಕೂಡಲೇ ಕುರ್ಚಿ ಎಳೆದು ಪರದೆಗೆ ಹತ್ತಿರ ಕೂತೆ. ಇದು ನನಗೆ ಯಾಕೆ ಹೊಳೆಯಲಿಲ್ಲ — ಮೊದಲು ಬಂದ ಯೋಚನೆ ಅದೇ. ನಿನಗೆ ‘ಚಲೋ ಅದ’ ಎಂದಷ್ಟೇ ಹೇಳಿದೆ. ಆಮೇಲೆ, ನಿನಗೆ ಗೊತ್ತಿಲ್ಲದಂತೆ, ಎಐಗೂ ಅದೇ ಕೆಲಸ ಹಚ್ಚಿದೆ. ನಿನ್ನನ್ನು ಅದು ಸೋಲಿಸಲಿ ಎಂಬ ಆಸೆಯಿಂದಲೇ ಹಚ್ಚಿದ್ದು. ಮತ್ತೆ ಮತ್ತೆ ಕೇಳಿದೆ. ಪ್ರತಿ ಸಲವೂ ಚಂದದ ಕ್ಯಾಲೆಂಡರ್ ಬಂತು, ಇಡೀ ತಿಂಗಳ ತಾರೀಖುಗಳು ಸಾಲಾಗಿ. ಸಂತೆಯ ಮಾತೇ ಇಲ್ಲ. ಕೇಳಲು ನನಗೇ ಗೊತ್ತಿರದಿದ್ದನ್ನು ಅದು ಹೇಗೆ ಕೊಟ್ಟೀತು?

ಮಿಲ್ಲಿನ ಸಾಹುಕಾರರಿಗೆ ಸೈಟ್ ತೋರಿಸುವ ದಿನ ನೀನು ಅಕ್ಕನ ನಿಶ್ಚಿತಾರ್ಥಕ್ಕೆ ಊರಲ್ಲಿದ್ದೆ. ನಾನೊಬ್ಬನೇ ಹೋದೆ. ಸಾಹುಕಾರರು ಮೆನು ನೋಡಿದರು, ದರದ ಪೆಟ್ಟಿಗೆ ನೋಡಿದರು, ಹೂಂ ಎಂದರು. ನಿನ್ನ ಚೌಕಗಳು ಬಂದಾಗ ಕನ್ನಡಕ ಹಣೆಗೇರಿಸಿ ಮುಂದೆ ಬಾಗಿದರು.

“ಅಲೆಲೆಲೆ! ಸಂತಿ ದಿನಾನೂ ಅದಕ್ಕ ಗೊತ್ತೈತೇನ್ರಿ? ಇದನ್ನೂ ಎಐ ಮಾಡೇದೇನು?”

ಸುತ್ತ ಲೆಕ್ಕ ಬರೆಯುವ ಮುನೀಮರು, ಇಬ್ಬರು ವ್ಯಾಪಾರಸ್ಥರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಮಂತ್ರವಾದಿಯಾಗಿಬಿಟ್ಟಿದ್ದೆ, ಮಾದೇವಿ. “ಹೌದ್ರಿ ಸಾಹುಕಾರ್ರ” ಎಂದೆ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ‘ಮುಂದಿನ ವಾರ ನಿಮ್ಮ ಆಫೀಸಿಗೆ ಬಂದು ನೋಡ್ತೀವ್ರಿ’ ಎಂದರು. ಅಲ್ಲಿ ನೀನಿರುತ್ತೀಯ. ನೀನು ಬಾಯಿ ಬಿಟ್ಟರೆ ನನ್ನ ಮಾನ ಏನಾಗಬೇಕು? ಅದಕ್ಕೆ ನಿನ್ನ ಹಸಿರು ಚೌಕಗಳನ್ನು ನೀಲಿ ಮಾಡಿದೆ, ಮೂಲೆಗಳನ್ನು ಗುಂಡಗೆ ಮಾಡಿದೆ. ನಿನ್ನದಲ್ಲವೆಂದು ಕಾಣಲು ಅಷ್ಟು ಸಾಲದೆನಿಸಿ ಐದನೆಯದನ್ನು ಅಳಿಸಿದೆ. ನೀನು ಊರಿನಿಂದ ನಿಶ್ಚಿತಾರ್ಥದ ಲಾಡು ಹಿಡಿದುಕೊಂಡು ಬಂದೆ. ಬಾಯಲ್ಲಿ ನಿನ್ನ ಲಾಡು ಇಟ್ಟುಕೊಂಡೇ ನಾನು ಹೇಳಿದೆ:

“ಲೇ ಮಾದೇವಿ, ಇಲ್ನೋಡು. ಸಾಹುಕಾರ್ರಿಗೆ ಇದು ಮನಸಿಗೆ ಬಂತು. ಎಐ ಮಾಡೇದ, ಅರ್ಧ ನಿಮಿಷದಾಗ.”

ನೀನು ನಾಲ್ಕೂ ಚೌಕಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಕೆಲವೇ ದಿನಗಳ ಹಿಂದೆ ಅದು ಉಳಿದ ಸೈಟನ್ನೆಲ್ಲ ಮಾಡಿದ್ದನ್ನು ನೀನೇ ಕಣ್ಣಾರೆ ಕಂಡಿದ್ದೆ, ಇದನ್ನು ಹೇಗೆ ನಂಬದಿರುತ್ತೀಯ?

“ಸಂತಿ ದಿನಾನೂ ಅದಽ ಹಾಕ್ತದೇನಣ್ಣಾ?”

“ಹೂಂ.”

“ಹಂಗಾದ್ರ ಇನ್ನ ನನ್ನ ಕೆಲಸ ಏನು?”

“ನನಗ ಚಾ ತರೋದು” ಎಂದು ನಕ್ಕೆ. ನೀನೂ ನಕ್ಕೆ. ಆ ನಗು ನನ್ನನ್ನು ಬಿಟ್ಟಿಲ್ಲ. ಮುಂದಿನ ವಾರ ಸಾಹುಕಾರರು ಬಂದು ಎಐಯನ್ನು ಹೊಗಳಿದಾಗ ನೀನು ಅವರಿಗೆ ಚಹಾ ತಂದುಕೊಟ್ಟೆ; ಒಂದು ಚೌಕ ಕಡಿಮೆಯಾದದ್ದು ಅವರ ಕಣ್ಣಿಗೆ ಬೀಳಲಿಲ್ಲ.

ತಿಂಗಳು ತುಂಬುವ ಮೊದಲೇ ನೀನು ಮಾನ್ವಿಯ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಹಿಡಿದೆ ಎಂದು ಫೋನ್ ಮಾಡಿದೆ. ‘ಮಷೀನ್ ಜೋಡಿ ಜಗ್ಗಾಡೋದು ನನ್ನಿಂದ ಆಗಂಗಿಲ್ಲಣ್ಣಾ.’ ನಾನು ತಡೆಯಲಿಲ್ಲ. ‘ಚಲೋ ಆತು, ಊರು ಸಮೀಪ ಆತು’ ಎಂದೆ — ಅಷ್ಟು ಸಲೀಸಾಗಿ.

ಈಗ ಕೇಳು, ಆಚೆಮೊನ್ನೆ ಏನಾಯಿತು. ಸಾಹುಕಾರರು ಕೂಗಾಡುತ್ತ ಫೋನ್ ಮಾಡಿದರು. “ಏನ್ರಿ ವೀರೇಶ, ಎರಡು ವರ್ಷ ತಾಳಕೊಂಡೆ, ಇನ್ನ ಆಗಂಗಿಲ್ಲ. ಮಂದಿ ದಿನ ಒತ್ತತಾರ, ಬರಂಗಿಲ್ಲ! ಇವತ್ತ ಅಂದಾವ ಬರಲಿಲ್ಲ, ನಾಳಿ ಅಂದಾವ ಇವತ್ತಽ ಬಂದ. ಗೇಟಿನಾಗ ಟ್ರ್ಯಾಲಿ ಒಂದರ ಮ್ಯಾಲೊಂದು ನಿಂತಾವ. ನಿಮ್ಮ ಎಐಗೆ ಏನರ ಕೇಳ್ರಿ.”

ಕೇಳುವ ಅಗತ್ಯ ಇರಲಿಲ್ಲ. ‘ಆಮ್ಯಾಲ ಹೇಳ್ತೀನಿ’ ಎನ್ನಲು ಜಾಗವಿಲ್ಲದವರು ಕೈಗೆ ಸಿಕ್ಕ ಚೌಕ ಒತ್ತಿ ಹೆಸರು ಹಚ್ಚುತ್ತಿದ್ದರು. ಎರಡು ವರ್ಷದ ಆ ಗೊಂದಲವೆಲ್ಲ ನಾನು ಅಳಿಸಿದ ಒಂದು ತುಂಡಿನದು. ಗೊತ್ತಾದ ಕ್ಷಣ ನಾನು ಜೋರಾಗಿ ‘ಮಾದೇವಿ!’ ಎಂದು ಕೂಗಿಬಿಟ್ಟೆ, ಖಾಲಿ ಕೋಣೆಯಲ್ಲಿ. ನಾಚಿಕೆಗೆ ಕೂಗಿದೆನೋ ಸಂತೋಷಕ್ಕೋ ಹೇಳಲಾರೆ. ನೀನು ಗೆದ್ದಿದ್ದೆ, ಅಷ್ಟೇ ತಲೆಯಲ್ಲಿತ್ತು. ನಿನ್ನ ಕಣ್ಣು, ಆ ಗೇಟಿನ ಕಟ್ಟೆಯ ಮೇಲೆ ಕೂತ ನಿನ್ನ ಕಿವಿ, ಇಷ್ಟು ಹೊಸ ಯಂತ್ರಗಳು ಬಂದ ಮೇಲೂ ಅವುಗಳ ಜಾಗ ಖಾಲಿಯೇ ಉಳಿದಿತ್ತು.

ಮರುದಿನವೇ ಮಾನ್ವಿಯ ಬಸ್ಸು ಹತ್ತಿದೆ. ಸಾಹುಕಾರರ ಮುಂದೆ, ಅದೇ ಮುನೀಮರ ಮುಂದೆ ನಿಂತು ಹೇಳಿದೆ: “ಸಾಹುಕಾರ್ರ, ಅದನ್ನ ಎಐ ಮಾಡಿಲ್ರಿ. ನಮ್ಮ ಮಾದೇವಿ ಮಾಡಿದ್ಲು. ನಾ ಸುಳ್ಳ ಹೇಳಿದ್ದೆ.”

ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದ್ದು ಒಂದೇ ಮಾತು: “ಹಂಗಾದ್ರ ಆ ಹುಡುಗಿನ್ನ ಯಾಕ ಬಿಟ್ರಿ?”

‘ನನ್ನ ತಪ್ಪುರಿ’ ಎಂದು ಕೈ ಮುಗಿದೆ. ನಿಜವಾದ ಕಾರಣ ನಿನಗೆ ಹೇಳುತ್ತೇನೆ. ಮಾನ ಹೋಗುತ್ತದೆಂಬ ಭಯ ಎಂದೆ, ಸರಿ, ಆದರೆ ಮಾನ ಆ ಒಂದು ವಾರದ ಮಾತು. ಎರಡು ವರ್ಷ ಸುಮ್ಮನಿದ್ದದ್ದು ಹೊಟ್ಟೆಕಿಚ್ಚಿಗೆ. ನೀನು ನನಗಿಂತ ಚೆನ್ನಾಗಿ ಕಾಣಬಲ್ಲವಳಾಗಿದ್ದೆ. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ನೀನು ಯಂತ್ರಕ್ಕೆ ಸೋತೆ ಎಂದು ನಂಬಿಸುವುದು ನನಗೆ ಸುಲಭವಾಯಿತು.

ಅಲ್ಲಿಂದ ನಿನ್ನ ಶಾಲೆಯ ತನಕ ನಡೆದು ಬಂದೆ. ಗೇಟಿನಿಂದಲೇ ತಿರುಗಿದೆ. ಎದುರಿಗೆ ಸಿಕ್ಕಿದ್ದರೆ ಏನಾದರೂ ತಮಾಷೆ ಮಾಡಿ ತೇಲಿಸಿಬಿಡುತ್ತಿದ್ದೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಅದಕ್ಕೇ ಈ ಬರಹ.

ನಿನ್ನೆ ಐದನೆಯ ಚೌಕವನ್ನು ಮತ್ತೆ ಕೂಡಿಸಿದೆ. ಹಸಿರು ಬಣ್ಣವನ್ನೂ ವಾಪಸು ತಂದೆ. ಸೈಟಿನ ಕೆಳಗೆ ‘ದಿನದ ಚೌಕಗಳು: ಮಾದೇವಿ, ಕುರ್ಡಿ’ ಎಂದು ಬರೆದಿದ್ದೇನೆ. ನಿನ್ನನ್ನು ಕೇಳದೆ ಹಾಕಿದ್ದು, ಬೇಡವೆಂದರೆ ತೆಗೆಯುತ್ತೇನೆ. ಮಧ್ಯಾಹ್ನ ನೀರಮಾನ್ವಿಯ ಒಬ್ಬರು ಮೊದಲು ಒತ್ತಿದ್ದೇ ‘ಆಮ್ಯಾಲ ಹೇಳ್ತೀನಿ’. ಸಂಜೆ ಅವರೇ ಮಿಲ್ಲಿಗೆ ಫೋನ್ ಮಾಡಿ ದಿನ ಹೇಳಿದರಂತೆ! ಮುನೀಮರು ತಿಳಿಸಿದಾಗ ನಾನು ಕೋಣೆಯಲ್ಲಿ ಕುಣಿದಾಡಿಬಿಟ್ಟೆ. ಚಪ್ಪಾಳೆ ಹೊಡೆಯಬೇಕಾದವಳು ಅಲ್ಲಿರಲಿಲ್ಲ.

ನಿನ್ನ ಕುರ್ಚಿ ಹಾಗೇ ಇದೆ. ಬಾ ಎನ್ನುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಈ ಸಲ ಜೊತೆಗಾರಳಾಗಿ, ನಿನ್ನ ಹೆಸರಿನ ಜೊತೆ, ಆ ಯಂತ್ರವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಮಾಡಬಹುದಾದದ್ದು ಎಷ್ಟಿದೆ ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ನೀನು ಬರದೇ ಇರಬಹುದು. ನನ್ನ ಮುಖ ನೋಡಲೂ ಬೇಡವೆನ್ನಬಹುದು. ಯಾವ ದಿನ ಮಾತಾಡಲು ಬರಲಿ, ಮಾದೇವಿ? ಇವತ್ತು, ನಾಳೆ, ನಾಡಿದ್ದು, ಸಂತೆಯ ದಿನ — ನಾಲ್ಕೂ ತೆರೆದಿವೆ. ಐದನೆಯದನ್ನು ಈ ಸಲ ನಾನು ಅಳಿಸಿಲ್ಲ.