ಅಂಗೈಯಲ್ಲಿ ತೂಗಿದ ಡಬ್ಬಿ

ಅವರ ಬಲ ಅಂಗೈಯ ನಡುವೆ ಹುಣಸೆ ಬೀಜದಷ್ಟು ದೊಡ್ಡ ಸುಟ್ಟ ಗುರುತಿತ್ತು. ಬೆಸುಗೆ ಹಾಕುವಾಗ ಆದದ್ದು. ಬಲಗೈ ಎಂದೇ ನನ್ನ ನೆನಪು. ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನು ಅವರು ಆ ಕೈಯಲ್ಲಿಟ್ಟು, ಕಣ್ಣು ಮುಚ್ಚಿ, ಮೀನು ಕೊಳ್ಳುವವರಂತೆ ಎರಡು ಸಲ ಮೇಲೆ ಕೆಳಗೆ ಆಡಿಸುತ್ತಿದ್ದರು.

ಕೊಡಿಯಾಲ್‌ಬೈಲಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಕಂಪ್ಯೂಟರ್ ಅಂಗಡಿ. ನಾನು ಮಣ್ಣಗುಡ್ಡದ ಮನೆಯಲ್ಲೇ ಕೂತು, ಇನ್ನೂ ಕಟ್ಟಬೇಕಾದ ಮನೆಗಳ ತ್ರೀಡಿ ಚಿತ್ರ ಮಾಡಿಕೊಡುವವಳು. ಕಂಪ್ಯೂಟರ್ ನಿಂತರೆ ಕೆಲಸವೂ ನಿಂತಂತೆ. ಹಾಗಾಗಿ ವರ್ಷಗಟ್ಟಲೆ ಅವರಲ್ಲಿಗೆ ಹೋದೆ, ಅಣ್ಣ ಎಂದು ಕರೆದೆ.

"ವ್ಯಾಟ್ ಎಷ್ಟು ಅಂತ ಸ್ಟಿಕ್ಕರಲ್ಲಿ ಯಾರು ಬೇಕಾದರೂ ಬರೀಬಹುದು ಮಾರಾಯ್ತಿ. ಒಳಗೆ ತಾಮ್ರ ಉಂಟಾ ಇಲ್ವಾ, ಅದು ಕೈಗೆ ಗೊತ್ತಾಗ್ತದೆ" ಎನ್ನುತ್ತಿದ್ದರು. ಮೊದಲು ಹಗುರದ್ದೊಂದನ್ನು, ಆಮೇಲೆ ಭಾರದ್ದೊಂದನ್ನು ನನ್ನ ಕೈಗಿಟ್ಟು ಮುಖ ನೋಡುತ್ತಿದ್ದರು. ಒಮ್ಮೆ ಉಪನ್ಯಾಸಕರೊಬ್ಬರು ಹಳೆಯ ಡಬ್ಬಿಗೇ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿಕೊಡಿ ಎಂದು ಹಟ ಹಿಡಿದರು. ಹಾಗೆ ಮಾಡಿದರೆ ಅದರ ಮೇಲೆ ನೀರುದೋಸೆ ಹೊಯ್ಯಬಹುದು ಸರ್ ಎಂದು ನಗಾಡಿ, ಕಾರ್ಡ್ ಮಾರದೆ ವಾಪಸು ಕಳಿಸಿದ್ದರು. ಅವತ್ತಿನ ನನ್ನ ಡೈರಿಯಲ್ಲಿ ಅವರದ್ದೇ ಒಂದು ಪುಟವಿದೆ.

ದೊಡ್ಡ ಕಾರ್ಡು, ಅದಕ್ಕೆ ತಕ್ಕ ಡಬ್ಬಿ ಕೊಳ್ಳುವ ನನ್ನ ಸರದಿ ಬಂದಾಗ ಅವರೇ ಚೀಟಿಯ ಹಿಂದೆ ಲೆಕ್ಕ ಹಾಕಿದರು. ಕಾರ್ಡಿಗೆ ಇಷ್ಟು, ಪ್ರೊಸೆಸರಿಗೆ ಇಷ್ಟು, ನಮ್ಮೂರ ಸೆಕೆಗೆ ಮೇಲಿಂದ ಒಂದಷ್ಟು. ಏಳುನೂರೈವತ್ತು ವ್ಯಾಟ್. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅವತ್ತು ಡಬ್ಬಿಯನ್ನು ಅವರು ತೂಗಲಿಲ್ಲ. ಮೇಜಿನ ಕೆಳಗಿಂದ ತೆಗೆದು ನೇರ ನನ್ನ ಕೈಗಿಟ್ಟರು.

"ನೀನೇ ನೋಡು. ಕಲ್ತಿದ್ದೀಯಲ್ಲ."

ನಾನು ಕಣ್ಣು ಮುಚ್ಚಿ ಆಡಿಸಿದೆ. ಒಳ್ಳೆಯದುಂಟು ಅಣ್ಣ ಎಂದೆ. ಎಷ್ಟು ಹೆಮ್ಮೆಯಾಗಿತ್ತು ಎಂದು ಈಗ ಬರೆಯಲು ನಾಚಿಕೆ.

ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡದೊಂದು ಚಿತ್ರ ತಯಾರಾಗುತ್ತಿದ್ದಾಗ ಡಬ್ಬಿ ಢಬ್ ಎಂದಿತು. ಸುಟ್ಟ ವಾಸನೆ. ಕಾರ್ಡ್ ಹೋಯಿತು, ಜೊತೆಗೆ ಹಾರ್ಡ್ ಡಿಸ್ಕೂ. ಬಜಪೆಯ ಒಂದು ವಸತಿ ಕಟ್ಟಡಕ್ಕಾಗಿ ನಾಲ್ಕು ತಿಂಗಳು ಮಾಡಿದ ಕೆಲಸವೆಲ್ಲ ಅದರಲ್ಲೇ ಇತ್ತು. ಬೇರೆಲ್ಲೂ ಇಟ್ಟಿರಲಿಲ್ಲ, ಅದು ನನ್ನ ತಪ್ಪು. ಡಬ್ಬಿಯ ಸ್ಕ್ರೂ ಬಿಚ್ಚಿದೆ. ಒಳಗೆ ತಾಮ್ರ ಹೆಸರಿಗಷ್ಟೇ. ತಳಕ್ಕೆ ಅಂಟಿನಿಂದ ಕೂರಿಸಿದ ಒಂದು ಕಬ್ಬಿಣದ ಪಟ್ಟಿ. ತೂಕಕ್ಕಾಗಿ.

ಬಿಚ್ಚಿದ ಡಬ್ಬಿಯನ್ನು ಅಂಗಡಿಗೆ ಒಯ್ದು ಅವರ ಮೇಜಿನ ಮೇಲಿಟ್ಟೆ. ಅವರು ಆಶ್ಚರ್ಯಪಡಲಿಲ್ಲ. ಪಟ್ಟಿಯನ್ನು ಮುಟ್ಟಲೂ ಇಲ್ಲ.

"ನೀನೇ ಅಲ್ವಾ ಒಳ್ಳೆಯದುಂಟು ಅಂದದ್ದು?"

ಇಷ್ಟು ಹೇಳಿ ಇನ್ನೊಬ್ಬ ಗಿರಾಕಿಯ ಜೊತೆ ತುಳುವಿನಲ್ಲಿ ಮಾತಿಗಿಳಿದರು. ನಾನು ಮೆಟ್ಟಿಲು ಹತ್ತಿ ಬಂದೆ. ಮತ್ತೆ ಹೋಗಲಿಲ್ಲ.

ಮೇಜಿನ ಕೆಳಗಿಂದ ತೆಗೆದರು ಎಂದೆನಲ್ಲ, ಅದು ನಿಜವೇ? ಅವತ್ತಿನ ಡೈರಿಯಲ್ಲಿರುವುದು ಇಷ್ಟೇ: "ಹೊಸ ಡಬ್ಬಿ. ನಾನೇ ತೂಗಿದೆ." ಮೇಜಿನ ಸಂಗತಿಯನ್ನು ಸಿಟ್ಟು ಆಮೇಲೆ ಸೇರಿಸಿತೋ ಏನೋ. ಅವರಿಗೂ ಯಾರೋ ಮೋಸ ಮಾಡಿರಬಹುದು, ತಪ್ಪೊಪ್ಪಲು ಮನಸ್ಸು ಬಾರದೆ ಹಾಗೆ ಅಂದಿರಬಹುದು ಎಂದೂ ಯೋಚಿಸಿದ್ದೇನೆ. ಆದರೆ ಆ ಮಾತು ನನ್ನ ನೆನಪಿನ ಸೃಷ್ಟಿಯಲ್ಲ. ಮನೆಗೆ ಬಂದವಳೇ ಬರೆದಿಟ್ಟಿದ್ದೇನೆ.

ಈ ಮಳೆಗಾಲದ ಮೊದಲು ಅವರು ತೀರಿಕೊಂಡರು. ಪಕ್ಕದ ಜೆರಾಕ್ಸ್ ಅಂಗಡಿಯವರು ಹೇಳಿದರು. ನಾನು ಹೋಗಲಿಲ್ಲ.

ಮೊನ್ನೆ ಹೊಸ ಡಬ್ಬಿ ಕೊಂಡೆ. ಬೇರೆ ಅಂಗಡಿ. ಮುಚ್ಚಳದ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ, ಬಿಲ್ಲು, ಗ್ಯಾರಂಟಿ ಎಲ್ಲ ಕೇಳಿ ತೆಗೆದುಕೊಂಡೆ, ತೂಗಲಿಲ್ಲ. ಮನೆಗೆ ತಂದು ಬಾಗಿಲು ಹಾಕಿದ ಮೇಲೆ ಅದನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದೆ. ಭಾರವಿತ್ತು. ಒಳ್ಳೆಯದುಂಟು ಎನ್ನಲು ಬಾಯಿ ಬರಲಿಲ್ಲ.