ಹಾವಿಗೆ ಬೇಕಾದ ಕತ್ತಲು

ತೈನಾನ್ ನಗರದಲ್ಲಿ ಮೀನಿನ ಗಂಜಿ ಮಾರುವ ಸೂಲಾನಳ ನಾಲಿಗೆಗೆ ಹೆದರದ ಗಿರಾಕಿಯಿಲ್ಲ. ಗಂಡ ಸತ್ತ ಮೇಲೆ ಆ ನಾಲಿಗೆಯ ಬಲದಿಂದಲೇ ಅಂಗಡಿ ನಡೆಸಿ ಮಗನನ್ನು ಬೆಳೆಸಿದವಳು. ಅಂಥವಳು ಈಗ ಒಂದು ಹಾವಿನ ಮುಂದೆ ಕೂತು, ಒಂದು ತುತ್ತು ತಿನ್ನು ಎಂದು ಗೋಗರೆಯುತ್ತಿದ್ದಳು.

ಹಾವು ಮಗ ಬೋಯೂ ಸಾಕಿದ್ದು. ವಿಷವಿಲ್ಲದ, ಕಂದು ಮಚ್ಚೆಗಳ ಪುಟ್ಟ ಹೆಬ್ಬಾವು. ಮಳೆಯಲ್ಲಿ ಮೀನು ತರಲು ಅವನನ್ನು ಅವಳೇ ಕಳಿಸಿದ್ದಳು. ಸ್ಕೂಟರ್ ಜಾರಿ ಅವನು ಮರಳಲಿಲ್ಲ. ಅವನ ಕೋಣೆಯ ಇಕ್ಕಟ್ಟಾದ ಕಪ್ಪು ಡಬ್ಬಿಯಲ್ಲಿ ಹಾವು ಮುದುಡಿಕೊಂಡಿದ್ದನ್ನು ಕಂಡು ಅವಳ ಕರುಳು ಚುರ್ರೆಂದಿತು. ಮನೆದೇವರ ಪೀಠದ ಮುಂದೆ ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ನೆಲಕ್ಕೆಸೆದು ಸತ್ತ ಮಗನನ್ನೇ ಕೇಳಿದಳು: "ಇದನ್ನ ನಿನ್ನ ಪಕ್ಕದಲ್ಲೇ ಇಡ್ಲೇನಪ್ಪಾ?" ಒಂದು ಅಂಗಾತ, ಒಂದು ಬೋರಲು ಬಿತ್ತು. ಹೂಂ ಎಂದರ್ಥ. ಸರಿ, ದೊಡ್ಡ ಗಾಜಿನ ಪೆಟ್ಟಿಗೆ ಬಂತು. ಹಗಲಿರುಳು ಉರಿಯುವ ಪೀಠದ ಕೆಂಪು ದೀಪಗಳ ಕೆಳಗೆ, ಮಗನ ಫೋಟೋ ಪಕ್ಕ, ಹಾವಿಗೆ ಅರಮನೆಯಾಯಿತು. ಅಡಗಿಕೊಳ್ಳಲು ಒಂದು ಮೂಲೆಯೂ ಇಲ್ಲದ ಅರಮನೆ.

ಅಂದಿನಿಂದ ಅದು ತಿನ್ನಲು ಹಾಕಿದ ಇಲಿಯನ್ನು ಮುಟ್ಟಲಿಲ್ಲ. ಅವಳು ಊದುಬತ್ತಿ ಹಚ್ಚಲು ಬಂದರೆ ಸಾಕು, ಕತ್ತು ಮಡಿಸಿ ಬುಸುಗುಟ್ಟಿ ಗಾಜಿಗೆ ಮೂತಿ ಅಪ್ಪಳಿಸುತ್ತಿತ್ತು. ಒಮ್ಮೆ ಕೈಗೂ ಕಚ್ಚಿತು. ಅದರ ಬೆನ್ನುಮೂಳೆ ಎದ್ದು ಕಾಣತೊಡಗಿದಾಗ ಸೂಲಾನ್ ಕಂಗಾಲಾಗಿ ಮಗನ ಗೆಳತಿ ಜ್ಯಾವೆನಳನ್ನು ಕರೆಸಿದಳು.

"ಅವನಿಗೇ ನನ್ ಮೇಲೆ ಸಿಟ್ಟು ಕಣೇ. ಹಾವಿನ ಬಾಯಲ್ಲಿ ಬಯ್ತಿದಾನೆ."

"ಸಿಟ್ಟೂ ಇಲ್ಲ ಮಣ್ಣೂ ಇಲ್ಲ ಆಂಟಿ, ಅದು ಹೆದರಿ ಸಾಯ್ತಿದೆ. ಓಡೋಕೆ ಜಾಗ ಇಲ್ದಿದ್ರೆ ಕಚ್ಚದೆ ಇನ್ನೇನ್ ಮಾಡುತ್ತೆ? ಅದಕ್ಕೆ ಮೈ ಒತ್ತಿಕೊಳ್ಳೋ ಹಾಗೆ ಇಕ್ಕಟ್ಟಿರ್ಬೇಕು, ಕತ್ಲೆ ಇರ್ಬೇಕು, ಬೆಚ್ಚಗಿರ್ಬೇಕು. ಆ ಹಳೇ ಡಬ್ಬಿ ಎಲ್ಲಿ?"

ಸೂಲಾನ್ ಮೊದಲು ಮಗನ ಅಪ್ಪಣೆ ಕೇಳಿದಳು. ತುಂಡುಗಳೆರಡೂ ಬೋರಲು ಬಿದ್ದವು. ಬೇಡವಂತೆ. ಮತ್ತೆ ಎಸೆದಳು, ಮತ್ತೂ ಬೇಡ. ಮಗನ ಮಾತು ಕೇಳಿದರೆ ಹಾವು ಸಾಯುತ್ತದೆ, ಹಾವನ್ನು ಉಳಿಸಿದರೆ ಮಗ ಮುನಿಯುತ್ತಾನೆ. ಅವಳಿಗೆ ಅಳು ಒತ್ತರಿಸಿ ಬಂತು.

"ಇದೊಂದ್ ಸಲ ನಿನ್ ಮಾತು ಕೇಳಲ್ಲ ಹೋಗೋ!" ಎಂದು ಫೋಟೋವನ್ನು ಗದರಿ ಎದ್ದಳು.

ಜ್ಯಾವೆನ್ ಟವೆಲಿನಲ್ಲಿ ಹಾವನ್ನು ಎತ್ತಿ ಬೋಯೂವಿನ ಕೋಣೆಯ ಡಬ್ಬಿಗೆ ಬಿಟ್ಟಳು. ಅದು ಸರಸರನೆ ಕತ್ತಲಿಗೆ ನುಗ್ಗಿತು; ಬಾಲವೂ ಕಾಣದಾಯಿತು.

"ನೀರಿಟ್ಟಿದೀನಿ. ನಾನು ಬರೋವರ್ಗೂ ಮುಚ್ಚಳ ತೆಗೀಬೇಡಿ ಆಂಟಿ. ಇಣುಕೋಕೂ ಹೋಗ್ಬೇಡಿ."

ಸೂಲಾನಳ ಕೈ ಮುಚ್ಚಳದ ಮೇಲೇ ಇತ್ತು. "ಒಳಗೇ ಸತ್ತುಹೋದ್ರೆ? ಅವನೂ ನಾನು ನೋಡದೇ ಇದ್ದಾಗಲೇ ಹೋದದ್ದು ಕಣೇ."

ಜ್ಯಾವೆನ್ ಟವೆಲ್ ಮಡಿಸಿಟ್ಟು ಬಾಗಿಲ ಬಳಿ ಹೋಗಿ ನಿಂತಳು. ಸೂಲಾನ್ ತಾನಾಗಿಯೇ ಕೈ ತೆಗೆದು, ದೀಪ ಆರಿಸಿ ಹೊರಗೆ ಬಂದಳು.